ಹತ್ತನೇ ತಾರೀಖಿನೊಳಗೆ

2000ನೇ ಇಸವಿಯ ಕೊನೆಯ ತಿಂಗಳುಗಳಲ್ಲಿ ಸರ್ಕಾರಿ ಬ್ಯಾಂಕುಗಳಲ್ಲಿ ಊಟದ ಹೊತ್ತಿಗೆ ಒಂದೇ ಮಾತು: ವಿಆರ್‌ಎಸ್. 15 ವರ್ಷ ಸರ್ವಿಸ್ ಆದವರು ಅಥವಾ 40 ವಯಸ್ಸು ದಾಟಿದವರು ಅರ್ಜಿ ಹಾಕಬಹುದಿತ್ತು. ಒಂದು ವರ್ಷದ ಸೇವೆಗೆ 60 ದಿನದ ಸಂಬಳ, ಅಥವಾ ನಿವೃತ್ತಿಗೆ ಉಳಿದಷ್ಟು ತಿಂಗಳ ಸಂಬಳ, ಎರಡರಲ್ಲಿ ಕಡಿಮೆ ಯಾವುದೋ ಅದು.

ಡೊಂಬಿವಲಿಯ ಒಂದು ಶಾಖೆಯಲ್ಲಿ ಕುಂದಾಪುರ ಕಡೆಯ ಕ್ಲರ್ಕ್ ಒಬ್ಬರು ಡಬ್ಬಿ ಪಕ್ಕಕ್ಕಿಟ್ಟು, ಹಳೆಯ ಚಲನ್ ಒಂದರ ಬೆನ್ನ ಮೇಲೆ ಲೆಕ್ಕ ಹಾಕಿದರು. ವಯಸ್ಸು 43, ಸರ್ವಿಸ್ 21 ವರ್ಷ. ಅಂದರೆ 42 ತಿಂಗಳ ಸಂಬಳ ಒಟ್ಟಿಗೆ. ಪಿಎಫ್, ಗ್ರಾಚ್ಯುಟಿ ಬೇರೆ. ಅಷ್ಟು ದುಡ್ಡನ್ನು ಅವರು ಒಟ್ಟಿಗೆ ಕಂಡಿದ್ದು ಬೇರೆಯವರ ಖಾತೆಯಲ್ಲಿ ಮಾತ್ರ.

ದುಡ್ಡಿನ ಆಸೆಗಿಂತ ಬೇಸರ ದೊಡ್ಡದಿತ್ತು. ಎರಡು ಸಲ ಪ್ರಮೋಷನ್ ಬೇಡವೆಂದಿದ್ದರು. ಆಫೀಸರ್ ಆದರೆ ಬೇರೆ ರಾಜ್ಯಕ್ಕೆ ವರ್ಗವಾಗುತ್ತದೆ, ಮಕ್ಕಳ ಶಾಲೆ ಕೆಡುತ್ತದೆ ಎಂಬ ಕಾರಣಕ್ಕೆ. ಈಗ ತಾವು ಕೆಲಸ ಕಲಿಸಿದ ಹುಡುಗನೇ ಅವರ ಮೇಲಿನ ಆಫೀಸರ್. ಅದನ್ನೂ ನುಂಗಿಕೊಳ್ಳಬಹುದಿತ್ತು. ಆದರೆ ಲೆಜರ್ ಹೋಗಿ ಕಂಪ್ಯೂಟರ್ ಬಂದ ಮೇಲೆ ತಮ್ಮ ಕೆಲಸದಲ್ಲಿ ತಾವೇ ಇಲ್ಲ ಅನ್ನಿಸತೊಡಗಿತ್ತು.

ಲೆಜರ್ ಕಾಲದಲ್ಲಿ ಅವರಿಗೆ ಒಂದು ಹೆಸರಿತ್ತು. ಬ್ಯಾಲೆನ್ಸ್ ತೆಗೆಯುವಾಗ ಲೆಕ್ಕ ಕೂಡದಿದ್ದರೆ ಎಲ್ಲರೂ ಅವರನ್ನೇ ಕರೆಯುತ್ತಿದ್ದರು. ವ್ಯತ್ಯಾಸ 9ರಿಂದ ಭಾಗವಾಗುತ್ತದೆ ಎಂದರೆ ಯಾರೋ 54ನ್ನು 45 ಎಂದು ಬರೆದಿರಬಹುದು. ಅಲ್ಲಿಂದ ಹುಡುಕಲು ಶುರು. ಕೌಂಟರಿಗೆ ಬರುವ ಮುದುಕರಿಗೆ ಅವರು ಇನ್ನೊಂದು ಗುಟ್ಟು ಹೇಳಿಕೊಡುತ್ತಿದ್ದರು. ಆಗ ಉಳಿತಾಯ ಖಾತೆಗೆ ಬಡ್ಡಿ ಸಿಗುತ್ತಿದ್ದುದು 10ನೇ ತಾರೀಖಿನಿಂದ ತಿಂಗಳ ಕೊನೆಯವರೆಗೆ ಇದ್ದ ಅತಿ ಕಡಿಮೆ ಮೊತ್ತದ ಮೇಲೆ. "ಕಟ್ಟುವುದಿದ್ದರೆ 10ರೊಳಗೆ ಕಟ್ಟಿ. 30ಕ್ಕೆ ತೆಗೆಯುವ ಬದಲು 1ಕ್ಕೆ ತೆಗೆಯಿರಿ" ಎನ್ನುವರು. ಉಳಿಯುತ್ತಿದ್ದುದು ಕೆಲವೇ ರೂಪಾಯಿ. ಆದರೆ ಪಾಸ್‌ಬುಕ್ ಮಡಚಿ ಚೀಲಕ್ಕೆ ಹಾಕಿಕೊಳ್ಳುವಾಗ ಆ ಅಜ್ಜಿಯರ ಮುಖ ಬೇರೆಯೇ ಇರುತ್ತಿತ್ತು.

ಈಗ ಯಂತ್ರವೇ ಬಡ್ಡಿ ಹಾಕುತ್ತಿತ್ತು. ಅವರು ನಂಬರು ಹೊಡೆದು ಎಂಟರ್ ಒತ್ತುತ್ತಿದ್ದರು.

ಠಾಣೆಯಲ್ಲಿ ಹೋಟೆಲು ಇಟ್ಟಿದ್ದ ಬಾಲ್ಯದ ಗೆಳೆಯನಿಗೆ ಸುದ್ದಿ ತಲುಪಿತು. "ಎಷ್ಟು ದಿನ ಅಂತ ಕುರ್ಚಿ ಬಿಸಿ ಮಾಡ್ತೀಯ ಮಾರಾಯ? ಬಂದ ದುಡ್ಡು ಇಲ್ಲಿ ಹಾಕು, ಪಾರ್ಟ್ನರ್ ಆಗು, ಗಲ್ಲಾ ನೀನೇ ನೋಡಿಕೋ" ಎಂದ. ಮಾತು ಸಿಹಿಯಾಗಿತ್ತು. ಊರಿನವರ ನಡುವೆ ಹೋಟೆಲು ಎಂದರೆ ಗೊತ್ತಿಲ್ಲದ ಲೋಕವೂ ಅಲ್ಲ.

ಹೆಂಡತಿ ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. "ದುಡ್ಡಿನ ವಿಷಯ ಆಮೇಲೆ. ಒಂದು ವಾರ ರಜೆ ಹಾಕಿ, ಅಲ್ಲಿ ಹೋಗಿ ಕೂತು ಕಾಣಿ" ಎಂದರು.

ನೌಕರಿಯಲ್ಲಿರುವಾಗ ಬೇರೆ ವ್ಯಾಪಾರ ಮಾಡುವಂತಿಲ್ಲ. ಹಾಗಾಗಿ ಸಂಬಳವಿಲ್ಲ, ಪಾಲಿಲ್ಲ, ಗೆಳೆಯನ ಪಕ್ಕದ ಸ್ಟೂಲು ಮಾತ್ರ. ಮೊದಲ ಎರಡು ದಿನ ಖುಷಿಯಾಯಿತು. ಬೆಳಗಿನ ಗದ್ದಲ, ಚಿಲ್ಲರೆ ಎಣಿಸುವ ವೇಗ, ಯಾರ ಸಹಿಗೂ ಕಾಯಬೇಕಿಲ್ಲದ ಸ್ವಾತಂತ್ರ್ಯ. ಮೂರನೇ ದಿನ ಅವರು ಗೆಳೆಯನನ್ನು ಗಮನಿಸಿದರು. ಅವನ ಮನಸ್ಸು ಗಲ್ಲಾದಲ್ಲಿ ಇರಲೇ ಇಲ್ಲ. ಚಳಿಗೆ ಹಿಟ್ಟು ಹುದುಗು ಬರಲಿಲ್ಲವೆಂದು ಬೆಳಿಗ್ಗೆ ನಾಲ್ಕಕ್ಕೇ ಎದ್ದು ಪಾತ್ರೆಗೆ ಮೂಗು ಹಿಡಿದು ನಿಂತಿದ್ದ. ಸಾಂಬಾರಿನ ಪರಿಮಳ ಸ್ವಲ್ಪ ಬದಲಾದರೆ ಕೂತಲ್ಲೇ ಅವನಿಗೆ ತಿಳಿಯುತ್ತಿತ್ತು. ಆ ಸಂತೋಷಕ್ಕೆ ಪಾರ್ಟ್ನರ್ ಆಗಲು ಬರುವುದಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ, ಗಿರಾಕಿಗಳು ತೆಳುವಾದ ಹೊತ್ತು, ಬೈಂದೂರು ಕಡೆಯ ಸಪ್ಲೈಯರ್ ಹುಡುಗನೊಬ್ಬ ಹತ್ತಿರ ಬಂದ. ಖಾತೆ ತೆರೆಯಬೇಕಂತೆ, ಅಮ್ಮನಿಗೆ ಡ್ರಾಫ್ಟ್ ಕಳಿಸಬೇಕಂತೆ, ಬ್ಯಾಂಕಿನ ಒಳಗೆ ಹೋಗಲು ಹೆದರಿಕೆಯಂತೆ. ಪರಿಚಯದ ಸಹಿ ಯಾರದು ಬೇಕು, ಯಾವ ಕಾಗದ ಒಯ್ಯಬೇಕು, ಡ್ರಾಫ್ಟ್ ಯಾವ ಊರಿನ ಶಾಖೆಯ ಮೇಲೆ ಮಾಡಿಸಬೇಕು ಎಂದು ಅವರು ಬರೆದುಕೊಟ್ಟರು. ನೋಡುತ್ತಿದ್ದಂತೆ ಇನ್ನೂ ಮೂವರು ಬಂದು ಸುತ್ತ ಕೂತರು. ಸಂಜೆ ಲೋಕಲ್‌ನಲ್ಲಿ ನೇತಾಡುತ್ತಾ ಬರುವಾಗ ಅವರಿಗೆ ಹೊಳೆಯಿತು: ನಾಲ್ಕು ದಿನಗಳಲ್ಲಿ ಗಡಿಯಾರ ನೋಡದೆ ಕಳೆದದ್ದು ಆ ಒಂದು ಗಂಟೆ ಮಾತ್ರ.

ಹಾಗಾದರೆ ತಾನು ಕಳಕೊಂಡದ್ದು ಲೆಜರನ್ನಲ್ಲ. ಬ್ಯಾಂಕು ಬೇಡವಾಗಿದೆ ಎಂದುಕೊಂಡಿದ್ದೆ, ಬೇಡವಾಗಿದ್ದು ಕೂತ ಜಾಗ. ಈ ಲೆಕ್ಕ ಕೂಡಿದ ಮೇಲೆ ಮುಂದಿನ ಪ್ರಶ್ನೆ ಸಣ್ಣದಾಯಿತು: ಜನ ಬಂದು ಕೇಳುವ ಜಾಗ ಬ್ಯಾಂಕಿನಲ್ಲಿ ಇನ್ನೂ ಇದೆಯೇ? ಇತ್ತು. ಪೆನ್ಶನ್ ಕೌಂಟರ್. ಅದು ಯಾರಿಗೂ ಬೇಡ. ಕಿವಿ ಕೇಳಿಸದವರು, ಡಿಎ ಅರಿಯರ್ಸ್ ಲೆಕ್ಕ ತಪ್ಪಿದವರು, ಗಂಡ ತೀರಿಕೊಂಡ ವಾರವೇ ಫ್ಯಾಮಿಲಿ ಪೆನ್ಶನ್ ಫಾರಂ ಹಿಡಿದು ಬರುವವರು. ನವೆಂಬರ್ ಬಂತೆಂದರೆ ಲೈಫ್ ಸರ್ಟಿಫಿಕೇಟಿಗೆ ಬೀದಿಯವರೆಗೆ ಸಾಲು.

ಅವರು ವಿಆರ್‌ಎಸ್ ಅರ್ಜಿ ಹಾಕಲಿಲ್ಲ. ಆ ಸೀಟು ಕೊಡಿ ಎಂದು ಮ್ಯಾನೇಜರನ್ನು ಕೇಳಿದರು. ಅವರಾಗಿಯೇ ಕೇಳುತ್ತಿದ್ದಾರೆಂದು ನಂಬಲು ಮ್ಯಾನೇಜರಿಗೆ ಸ್ವಲ್ಪ ಹೊತ್ತು ಬೇಕಾಯಿತು. ನಿರ್ಧಾರದಲ್ಲಿ ಭಯದ ಪಾಲೂ ಇತ್ತು, ಅದನ್ನು ಅವರು ಎಂದೂ ಮುಚ್ಚಿಡಲಿಲ್ಲ. ಓದುವ ಮಕ್ಕಳಿದ್ದ ಮನೆಯಲ್ಲಿ ತಿಂಗಳ ಸಂಬಳ ಸಣ್ಣ ಮಾತಲ್ಲ.

ಮೊದಲ ವರ್ಷ ಪಶ್ಚಾತ್ತಾಪವೂ ಆಯಿತು. ದೇಶದಾದ್ಯಂತ ಸರ್ಕಾರಿ ಬ್ಯಾಂಕುಗಳಿಂದ ಆ ಯೋಜನೆಯಲ್ಲಿ ಹೊರಟವರು ಒಂದು ಲಕ್ಷಕ್ಕೂ ಹೆಚ್ಚು. ಉಳಿದವರ ತಲೆಗೆ ಇಬ್ಬರ ಕೆಲಸ. ಪಕ್ಕದ ಸೀಟಿನವರು ವಿಆರ್‌ಎಸ್ ತಗೊಂಡು ಮನೆಯಲ್ಲೇ ಗಣಿತದ ಟ್ಯೂಶನ್ ಶುರು ಮಾಡಿದ್ದರು. ಒಮ್ಮೆ ಕೌಂಟರಿಗೆ ಬಂದಾಗ ಹತ್ತು ವರ್ಷ ಚಿಕ್ಕವರಾಗಿ ಕಂಡರು. ಅವರು ಹೋದದ್ದೂ ಸರಿಯೇ ಇತ್ತು. ಬ್ಯಾಂಕಿನಲ್ಲಿದ್ದಾಗಲೂ ಊಟದ ಹೊತ್ತಿನಲ್ಲಿ ಜವಾನನ ಮಗನಿಗೆ ಬೀಜಗಣಿತ ಹೇಳಿಕೊಡುತ್ತಿದ್ದವರು ಅವರು. ತಮಗೇನು ಬೇಕೆಂದು ಅವರಿಗೆ ಮೊದಲೇ ಗೊತ್ತಿತ್ತು.

ಹಿಡಿದುಕೊಂಡ ತೃಪ್ತಿಯೂ ಒಂದೇ ರೂಪದಲ್ಲಿ ಉಳಿಯಲಿಲ್ಲ. ಕೋರ್ ಬ್ಯಾಂಕಿಂಗ್ ಬಂತು, 50ರ ಹತ್ತಿರ ಮತ್ತೆ ಕಲಿಯಬೇಕಾಯಿತು. 2010ರ ಏಪ್ರಿಲ್ 1ರಿಂದ ಉಳಿತಾಯ ಖಾತೆಯ ಬಡ್ಡಿ ದಿನದಿನದ ಮೊತ್ತದ ಮೇಲೆ ಎಂದಾಯಿತು. ಅವರ 10ನೇ ತಾರೀಖಿನ ಗುಟ್ಟು ಒಂದೇ ದಿನಕ್ಕೆ ಬೆಲೆ ಕಳಕೊಂಡಿತು. ಅಷ್ಟರಲ್ಲಿ ಅವರಿಗೆ ಅದರಿಂದ ನೋವಾಗುವ ಕಾಲ ಮುಗಿದಿತ್ತು. "ಇನ್ನು 10ಕ್ಕೆ ಓಡಿ ಬರಬೇಡಿ, ಯಾವಾಗ ಕಟ್ಟಿದರೂ ಬಡ್ಡಿ ಸಿಗುತ್ತದೆ" ಎಂದು ತಾವೇ ಎಲ್ಲರಿಗೂ ಹೇಳಿದರು. 2014ರಲ್ಲಿ ಬೆರಳಚ್ಚಿನ ಜೀವನ್ ಪ್ರಮಾಣ್ ಬಂದಾಗ, ಪಾತ್ರೆ ತಿಕ್ಕಿ ಬೆರಳ ಗೆರೆ ಸವೆದ ಹೆಂಗಸರಿಗೆ ಕಾಗದದ ಫಾರಂ ತುಂಬಿಕೊಟ್ಟರು. 2016ರ ನವೆಂಬರಿನಲ್ಲಿ ನೋಟು ಬದಲಿಸುವ ಸಾಲು, ಪೆನ್ಶನ್ ಸಾಲು ಎರಡೂ ಒಂದಾದವು. ಮರುವರ್ಷ ನಿವೃತ್ತಿ.

ಈಗ ಪ್ರತಿ ನವೆಂಬರಿನಲ್ಲಿ ಅವರೇ ಕೌಂಟರಿನ ಈಚೆ ನಿಲ್ಲುತ್ತಾರೆ. ಒಂದು ವರ್ಷ ಎರಡು ಸಲ ಒತ್ತಿದರೂ ಅವರ ಹೆಬ್ಬೆರಳನ್ನು ಯಂತ್ರ ಒಪ್ಪಲಿಲ್ಲ. "ಕೈ ಒರೆಸಿಕೊಳ್ಳಿ ಕಾಕಾ" ಎಂದಳು ಸೀಟಿನಲ್ಲಿದ್ದ ಹುಡುಗಿ. ಮೂರನೆಯ ಸಲಕ್ಕೆ ಆಯಿತು. ಸೀಟು ಹೇಗಿದೆ ಎಂದು ಕೇಳಿದರು. ಸಾಕಾಗಿದೆ, ಇನ್ನೊಂದು ಇಲಾಖೆಯ ಪರೀಕ್ಷೆಗೆ ಓದುತ್ತಿದ್ದೇನೆ ಎಂದಳು.

"ಬರಿ. ಆದರೆ ರಾಜೀನಾಮೆ ಕೊಡುವ ಮುಂಚೆ ಅಲ್ಲಿ ಒಂದು ದಿನ ಹೋಗಿ ಕೂತು ನೋಡು" ಎಂದು ಹೇಳಿ, ರಸೀದಿ ಮಡಚಿ ಜೇಬಿಗೆ ಹಾಕಿಕೊಂಡು, ಹಿಂದಿನವರಿಗೆ ಜಾಗ ಬಿಟ್ಟರು.