ಹೊಸಹಳ್ಳಿ ಬಯಲಿನ ಪುಟ್ಟ ವಿಮಾನ

ಚಿತ್ರದುರ್ಗ ಬಿಟ್ಟು ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಹೊಸಪೇಟೆಯ ಕಡೆಗೆ ಹೊರಟರೆ, ಗಾಳಿಯಂತ್ರಗಳ ಗುಡ್ಡಗಳು ಹಿಂದೆ ಸರಿದ ಮೇಲೆ ಕಾನಹೊಸಹಳ್ಳಿ ಸಿಗುತ್ತದೆ. ಸುತ್ತಲಿನವರ ಬಾಯಲ್ಲಿ ಇದು ಬರೀ ಹೊಸಹಳ್ಳಿ. ಕೂಡ್ಲಿಗಿ ತಾಲ್ಲೂಕಿನ ಈ ಹೋಬಳಿ ಊರು 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹಂಪಿಗೆ ಹೋಗುವ ಪ್ರವಾಸಿಗರು ಇಲ್ಲಿ ಚಹಾ ಕುಡಿದು ಮುಂದೆ ಸಾಗುತ್ತಾರೆ. ಇಲ್ಲಿ ನೋಡುವಂಥದ್ದು ಏನಿದೆ ಎಂದು ಯಾರಾದರೂ ಕೇಳಿದರೆ ನಾನು ಆಕಾಶವನ್ನು ತೋರಿಸುತ್ತೇನೆ. ಶೇಂಗಾ ಕಿತ್ತು ಬರಿದಾದ ಕೆಂಪು ಹೊಲ, ದೂರದಲ್ಲಿ ಒಂದೆರಡು ಹುಣಸೆ ಮರ, ಅದರ ಮೇಲೆ ತಂತಿ ಕಂಬಗಳ ಅಡ್ಡಿಯಿಲ್ಲದ ಆಕಾಶ. ಪಟ್ಟಣದವರಿಗೆ ದುಡ್ಡು ಕೊಟ್ಟರೂ ಸಿಗದ ವಸ್ತು ಇದು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎಂಜಿನಿಯರಿಂಗ್ ಓದುತ್ತಿದ್ದಾನೆ. ರಜೆಗೆ ಬಂದಾಗ ಜೊತೆಗೆ ಪುಟ್ಟ ವಿಮಾನವನ್ನೂ ತರುತ್ತಾನೆ. ಫೋಮ್ ಹಾಳೆ ಕತ್ತರಿಸಿ ತಾನೇ ಅಂಟಿಸಿದ್ದು, ಒಂದು ಮೀಟರ್ ಅಗಲದ ರೆಕ್ಕೆ, ಬ್ಯಾಟರಿಯಿಂದ ಓಡುವ ಮೋಟಾರು. ಕೈಯಲ್ಲಿರುವ ಪೆಟ್ಟಿಗೆಯ ಕಡ್ಡಿ ಅಲ್ಲಾಡಿಸಿದರೆ ರೇಡಿಯೊ ಅಲೆಗಳು ಹೋಗಿ ಬಾಲವನ್ನು ತಿರುಗಿಸುತ್ತವೆ. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನಲ್ಲಿ ರೇಡಿಯೊದಿಂದ ದೋಣಿ ನಡೆಸಿ ತೋರಿಸಿದ ತತ್ವವೇ ಇಲ್ಲಿಯೂ ಇರುವುದು. ಹಾರಿಸುವುದು ಅವನ ಕೆಲಸ, ಫೋಟೊ ತೆಗೆಯುವುದು ನನ್ನ ಹವ್ಯಾಸ.

ಅದೇನು ಮಹಾ ಎನ್ನಬೇಡಿ. ಒಮ್ಮೆ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ನನ್ನ ಒದ್ದಾಟ ನೋಡಿ ನಕ್ಕರು. "ಹಕ್ಕಿ ಆದ್ರ ಎಲ್ಲಾರ ಕುಂದ್ರತೈತಿ ಸರ, ಆವಾಗ ಹಿಡೀಬಹುದು. ಇದು ಕುಂದ್ರಂಗೇ ಇಲ್ಲಲ್ಲ!" ಅವರು ಹೇಳಿದ್ದು ಸರಿ. ಸ್ವಲ್ಪ ಲೆಕ್ಕ ಹಾಕೋಣ. ವಿಮಾನದ ವೇಗ ಗಂಟೆಗೆ 72 ಕಿಲೋಮೀಟರ್, ಅಂದರೆ ಸೆಕೆಂಡಿಗೆ 20 ಮೀಟರ್ ಎಂದುಕೊಳ್ಳಿ. 30 ಮೀಟರ್ ದೂರದಲ್ಲಿ ನಮ್ಮ ಎದುರು ಅಡ್ಡ ಹಾಯುವಾಗ ಅದು ಸೆಕೆಂಡಿಗೆ ಸುಮಾರು 38 ಡಿಗ್ರಿ ಸರಿಯುತ್ತದೆ. ಕ್ಯಾಮೆರಾ ಹಿಡಿದ ಸೊಂಟವೂ ಅಷ್ಟೇ ವೇಗದಲ್ಲಿ ತಿರುಗಬೇಕು. ಸುಮ್ಮನೆ ನಿಂತು, ಸೆಕೆಂಡಿನ 250ನೇ ಒಂದು ಭಾಗದಷ್ಟು ಹೊತ್ತು ಷಟರ್ ತೆರೆದರೂ ವಿಮಾನ 8 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಚಿತ್ರದಲ್ಲಿ ಸಿಗುವುದು ಒಂದು ಮಸುಕು ಗೆರೆ ಮಾತ್ರ. ದೂರ ಇಮ್ಮಡಿಯಾದರೆ ತಿರುಗುವ ವೇಗ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಹತ್ತಿರ ನಿಲ್ಲುವುದಕ್ಕಿಂತ ದೂರ ನಿಂತು ಉದ್ದನೆಯ ಲೆನ್ಸ್ ಬಳಸುವುದು ಜಾಣತನ.

ಷಟರನ್ನು ಇನ್ನೂ ಚುರುಕು ಮಾಡಿದರಾಯಿತಲ್ಲ ಎಂದು ನೀವು ಕೇಳಬಹುದು. ಅಲ್ಲಿಯೇ ಇರುವುದು ಸ್ವಾರಸ್ಯ. ಪ್ರೊಪೆಲ್ಲರ್ ನಿಮಿಷಕ್ಕೆ 9000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 150 ಸುತ್ತಾಯಿತು. ಸೆಕೆಂಡಿನ 4000ನೇ ಒಂದು ಭಾಗದಲ್ಲಿ ಅದು ತಿರುಗುವುದು ಹದಿಮೂರೂವರೆ ಡಿಗ್ರಿ ಮಾತ್ರ. ಚಿತ್ರ ಬಲು ಸ್ಪಷ್ಟವಾಗಿ ಬರುತ್ತದೆ; ಆದರೆ ಪಂಖ ನಿಂತಂತೆ ಕಾಣುತ್ತದೆ, ವಿಮಾನ ದಾರ ಕಟ್ಟಿ ತೂಗುಹಾಕಿದ ಆಟಿಕೆಯಂತಿರುತ್ತದೆ. 250ನೇ ಒಂದು ಭಾಗಕ್ಕೆ ಇಳಿಸಿದರೆ ಪಂಖ ಅರ್ಧ ಸುತ್ತಿಗಿಂತ ಹೆಚ್ಚು ತಿರುಗಿರುತ್ತದೆ. ಎರಡು ಅಲಗುಗಳು ಸೇರಿ ಒಂದು ತೆಳು ಬಿಲ್ಲೆಯಾಗುತ್ತವೆ. ಆಗ ಕ್ಯಾಮೆರಾವನ್ನು ವಿಮಾನದ ಜೊತೆಗೇ ತಿರುಗಿಸುತ್ತ ಗುಂಡಿ ಒತ್ತಬೇಕು. ಇದಕ್ಕೆ ಪ್ಯಾನಿಂಗ್ ಎನ್ನುತ್ತಾರೆ. ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬಾರದು. ವಿಮಾನದ ಮೈ ಚೊಕ್ಕವಾಗಿ ಬಂದು, ಹಿಂದಿನ ಹುಣಸೆ ಮರ ಹಸಿರು ಗೆರೆಯಾಗಿ ಎಳೆದುಕೊಂಡರೆ ವೇಗ ಕಣ್ಣಿಗೆ ಕಾಣುತ್ತದೆ.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಷ್ಟೆ. ಅದರಲ್ಲಿ ತೆಗೆದರೆ ಪಂಖ ಕುಡುಗೋಲಿನಂತೆ ಬಾಗಿ ಕಾಣುವುದುಂಟು. ಮೊಬೈಲ್ ಇಡೀ ಚಿತ್ರವನ್ನು ಒಂದೇ ಸಲಕ್ಕೆ ಓದದೆ ಸಾಲು ಸಾಲಾಗಿ ಓದುತ್ತದೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಪಂಖ ಬೇರೆ ಕಡೆ ಹೋಗಿರುತ್ತದೆ.

ಬೆಳಕಿಗೆ ನಮ್ಮ ಬಯಲು ಹೇಳಿ ಮಾಡಿಸಿದಂತಿದೆ. ಆಷಾಢದ ಗಾಳಿಯಲ್ಲಿ ಹಗುರ ವಿಮಾನ ನಿಲ್ಲುವುದಿಲ್ಲ. ಡಿಸೆಂಬರಿನಿಂದ ಫೆಬ್ರುವರಿವರೆಗಿನ ಮುಂಜಾವು ಒಳ್ಳೆಯದು. ಬಿಸಿಲನ್ನು ಬೆನ್ನಿಗೆ ಹಾಕಿಕೊಂಡು ನಿಂತರೆ ಕೆಂಪು ಮಣ್ಣಿನಿಂದ ಪುಟಿದ ಬೆಳಕು ರೆಕ್ಕೆಯ ಅಡಿಭಾಗಕ್ಕೂ ತಾಗುತ್ತದೆ. ನಡುಹಗಲಿನಲ್ಲಿ ಅದೇ ಅಡಿಭಾಗ ಕಪ್ಪು. ಹೊಲದಲ್ಲಿ ನಿಂತು ಲೆನ್ಸ್ ಬದಲಿಸಬೇಡಿ, ಧೂಳು ಒಳಗೆ ಸೇರುತ್ತದೆ. ಕಣ್ಣು ಕ್ಯಾಮೆರಾದಲ್ಲಿ ಇರುವವನಿಗೆ ವಿಮಾನ ತನ್ನತ್ತಲೇ ನುಗ್ಗಿದರೂ ದೂರದ ಅಂದಾಜು ಸಿಗುವುದಿಲ್ಲ. ಆದ್ದರಿಂದ ನಾನು ಹಾರಿಸುವವನ ಪಕ್ಕದಲ್ಲಿಯೇ ನಿಲ್ಲುತ್ತೇನೆ. "ಸಾರ್, ಕೂತ್ಕೊಳ್ಳಿ" ಎಂದು ಅವನು ಕೂಗಿದರೆ ಪ್ರಶ್ನೆ ಕೇಳದೆ ಕೂರುವುದು ನಮ್ಮ ಒಪ್ಪಂದ.

ಇನ್ನೊಂದು ಎಚ್ಚರಿಕೆಯೂ ಬೇಕು. 2021ರ ಡ್ರೋನ್ ನಿಯಮಗಳ ಪ್ರಕಾರ ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿ ನಕಾಶೆ ಮಾಡಿದ್ದಾರೆ. ಅದನ್ನು ನೋಡದೆ ಹಾರಿಸಬಾರದು. ನಮ್ಮ ಭಾಗದವರಿಗಂತೂ ಇದು ಮುಖ್ಯ, ಏಕೆಂದರೆ ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ಕೇಂದ್ರವಿದೆ. ಅದು ಉದ್ಘಾಟನೆಯಾದದ್ದು 2017ರಲ್ಲಿ. ದೇಶದ ಪೈಲಟ್ ಇಲ್ಲದ ದೊಡ್ಡ ವಿಮಾನಗಳು ಹಾರಲು ಕಲಿಯುವುದು ಅಲ್ಲಿ.

ಅಲ್ಲಿಯ ಒಂದು ವಿಮಾನ ನಮ್ಮ ಕಡೆಯ ಜನರ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. 2019ರ ಸೆಪ್ಟೆಂಬರ್ 17ರಂದು ರುಸ್ತುಂ-2 ಪರೀಕ್ಷಾ ಹಾರಾಟದಲ್ಲಿ ಜೋಡಿಚಿಕ್ಕೇನಹಳ್ಳಿಯ ಬಳಿ ಜಮೀನಿನಲ್ಲಿ ಬಿತ್ತು. ಜನ ಮುತ್ತಿಕೊಂಡರು, ಮೊಬೈಲುಗಳಲ್ಲಿ ಚಿತ್ರ ಹಿಡಿದರು. ನನ್ನ ತರಗತಿಯ ಮಕ್ಕಳೂ ಆ ಮುರಿದ ವಿಮಾನದ ಚಿತ್ರವನ್ನೇ ನೋಡಿದ್ದರು. ಪೈಲಟ್ ಇಲ್ಲದ ವಿಮಾನವೆಂದರೆ ಬೀಳುವ ವಿಮಾನ ಎಂದು ಒಬ್ಬ ಬರೆದೂಬಿಟ್ಟ. ಅದೇ ಕೇಂದ್ರದಿಂದ 2022ರ ಜುಲೈ 1ರಂದು ಬಾಲವಿಲ್ಲದ, ಇಡೀ ಮೈಯೇ ರೆಕ್ಕೆಯಾದ ವಿಮಾನ ತಾನಾಗಿ ಹಾರಿ ಇಳಿಯಿತು. 2024ರಲ್ಲಿ ಇಸ್ರೊದ 'ಪುಷ್ಪಕ್' ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಡುಗಡೆಯಾಗಿ, ಯಾರ ಕೈಯೂ ತಾಗದೆ ರನ್‌ವೇಗೆ ಬಂದಿಳಿಯಿತು. ಬಿದ್ದದ್ದು ನಿಂತಿರುತ್ತದೆ, ಅದರ ಚಿತ್ರ ಯಾರಾದರೂ ತೆಗೆಯಬಹುದು. ಹಾರುವುದನ್ನು ಹಿಡಿಯುವುದು ಕಷ್ಟ. ಆ ಕಷ್ಟಪಟ್ಟ ಚಿತ್ರವೂ ಮಕ್ಕಳ ಕಣ್ಣಿಗೆ ಬೀಳಬೇಕು ಎಂಬುದೇ ನನ್ನ ಹವ್ಯಾಸದ ಹಿಂದಿನ ಹಟ.

ಅದಕ್ಕೊಂದು ಪಾಠ ಹೂಡಿದೆ. ವಿಮಾನವನ್ನು ಗೂಟಕ್ಕೆ ಬಿಗಿದು, ಮೋಟಾರು ಓಡಿಸಿ, ಇಪ್ಪತ್ತು ಹೆಜ್ಜೆ ದೂರದಿಂದ ಮುಖಾಮುಖಿಯಾಗಿ ಸೆಕೆಂಡಿನ 1000ನೇ ಒಂದು ಭಾಗದಲ್ಲಿ ಫೋಟೊ ತೆಗೆದೆ. ಅದನ್ನು ದೊಡ್ಡದಾಗಿ ಅಚ್ಚುಹಾಕಿಸಿ ತರಗತಿಗೆ ಒಯ್ದೆ. ಹುಡುಗಿಯೊಬ್ಬಳು ಪಂಖದ ಮಸುಕಿನ ಮೇಲೆ ಕೋನಮಾಪಕ ಇಟ್ಟು ಅಳೆದಳು: 54 ಡಿಗ್ರಿ. ಉಳಿದದ್ದು ತ್ರೈರಾಶಿ. ಸಾವಿರದ ಒಂದು ಭಾಗದಲ್ಲಿ 54 ಆದರೆ ಸೆಕೆಂಡಿಗೆ 54,000 ಡಿಗ್ರಿ, 360ರಿಂದ ಭಾಗಿಸಿದರೆ 150 ಸುತ್ತು, ನಿಮಿಷಕ್ಕೆ 9000. ಬೀಳುವ ವಿಮಾನ ಎಂದು ಬರೆದಿದ್ದ ಹುಡುಗ ಆ ಭಾಗಾಕಾರವನ್ನು ಎರಡು ಸಲ ಮಾಡಿ ನೋಡಿದ. ಆಮೇಲೆ ಅವನು ಕೇಳಿದ್ದು, "ಸಾರ್, ಪುಷ್ಪಕ್ ಇಳಿಯೋವಾಗ ವೇಗ ಎಷ್ಟಿತ್ತು?" ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು ಎಂದೆ. ಅದನ್ನು 30 ಮೀಟರ್ ದೂರದಿಂದ ಹಿಡಿಯಲು ಎಷ್ಟು ಡಿಗ್ರಿ ತಿರುಗಬೇಕಾಗುತ್ತದೆ ಎಂದು ಅವರು ಲೆಕ್ಕ ಹಾಕುತ್ತಿದ್ದಾಗ ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ.