ಮೇ ತಿಂಗಳ ರಜೆ ಮತ್ತು ಆಫ್ರಿಕಾದ ಕಾಡು

ಆಫ್ರಿಕಾ ಸಫಾರಿ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಟಿವಿಯಲ್ಲಿ ಕಂಡ ಒಂದೇ ದೃಶ್ಯ. ಮಾರಾ ನದಿ, ನೀರಲ್ಲಿ ಮೊಸಳೆ, ದಡದಿಂದ ಧುಮುಕುವ ವೈಲ್ಡ್‌ಬೀಸ್ಟ್‌ಗಳು. ನನ್ನ ಮನೆಯವಳಿಗೂ ಬೇಕಾದ್ದು ಅದೇ. ವರ್ಷಗಟ್ಟಲೆ ಕಟ್ಟಿದ ಚಿಟ್ಟಿ ದುಡ್ಡು ಕೈಗೆ ಬಂದ ಮೇಲೆ ಕ್ಯಾಲೆಂಡರ್ ಹಿಡಿದು ಕುಳಿತೆವು ನೋಡಿ, ತಕರಾರು ಶುರುವಾದದ್ದೇ ಅಲ್ಲಿ.

ಆ ಪ್ರಾಣಿಗಳಿಗೆ ನಮ್ಮ ಶಾಲೆಯ ರಜೆ ಗೊತ್ತಿಲ್ಲ. ಮಳೆ ಬಿದ್ದು ಹುಲ್ಲು ಚಿಗುರಿದಲ್ಲಿಗೆ ಅವುಗಳ ನಡಿಗೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ತಾಂಜಾನಿಯಾದ ಸೆರೆಂಗೆಟಿಯ ದಕ್ಷಿಣದಲ್ಲಿ, ಎಂಡುಟು ಬಯಲಲ್ಲಿ ಇರುತ್ತವೆ. ಬಹುಪಾಲು ಕರುಗಳು ಹುಟ್ಟುವುದು ಫೆಬ್ರವರಿಯ ಆಸುಪಾಸಿನ ಎರಡು ಮೂರು ವಾರಗಳಲ್ಲೇ. ನದಿ ದಾಟುವ ದೃಶ್ಯ ಬೇಕಾದರೆ ಜುಲೈಯಿಂದ ಅಕ್ಟೋಬರ್ ಒಳಗೆ ಸೆರೆಂಗೆಟಿಯ ಉತ್ತರಕ್ಕೋ ಕೀನ್ಯಾದ ಮಸಾಯಿ ಮಾರಾಕ್ಕೋ ಹೋಗಬೇಕು. ಹೋದರೂ ಇಂಥ ದಿನವೇ ದಾಟುತ್ತವೆ ಎಂದು ಯಾರೂ ಬರೆದುಕೊಡುವುದಿಲ್ಲ. ನಮಗೆ ರಜೆ ಸಿಗುವ ಏಪ್ರಿಲ್-ಮೇ ಅಲ್ಲಿ ಜಡಿಮಳೆಯ ಕಾಲ. ಕೆಲವು ಟೆಂಟ್ ಕ್ಯಾಂಪುಗಳೇ ಮುಚ್ಚಿರುತ್ತವೆ.

ಓಣಂ ರಜೆ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಆದರೆ ಮಸಾಯಿ ಮಾರಾದಲ್ಲಿ 2024ರಿಂದ ವಿದೇಶಿಯರಿಗೆ ದಿನಕ್ಕೆ, ತಲೆಗೆ ಪ್ರವೇಶ ಶುಲ್ಕವೇ ಜನವರಿ-ಜೂನ್‌ನಲ್ಲಿ 100 ಡಾಲರ್, ಜುಲೈ-ಡಿಸೆಂಬರ್‌ನಲ್ಲಿ 200 ಡಾಲರ್. ಊಟ, ಜೀಪು, ಕೋಣೆ ಬೇರೆ. ಕೀನ್ಯಾಕ್ಕೆ ಹೋಗಿಬರುವವರು ಹತ್ತು ದಿನ ಮೊದಲೇ ಹಳದಿ ಜ್ವರದ ಚುಚ್ಚುಮದ್ದು ತೆಗೆದುಕೊಂಡಿರಬೇಕು, ಇಲ್ಲದಿದ್ದರೆ ಹಿಂದಿರುಗುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ನಿವೃತ್ತಿಯ ಹಣ ಬಂದ ಮೇಲೆ ಆರಾಮವಾಗಿ ಹೋದರಾಯಿತು ಎಂದೆ. ಅದಕ್ಕೆ ಇನ್ನೂ ಆರು ವರ್ಷ. "ಕಾಯ್ತೇನೆ ಅಂತ ನಾನು ಹೇಳಬಹುದು, ನನ್ನ ಮೊಣಕಾಲು ಹೇಳಬೇಕಲ್ಲ?" ಎಂದಳು.

ಹಾಗಾಗಿ ನದಿಯನ್ನು ಬಿಟ್ಟೆವು. ದಕ್ಷಿಣ ಆಫ್ರಿಕಾದ ಕ್ರೂಗರ್ ಹಿಡಿದೆವು. 1926ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಾಡು ಉತ್ತರ ದಕ್ಷಿಣ ಸುಮಾರು 350 ಕಿಲೋಮೀಟರ್ ಉದ್ದ. ಮೇ ಹೊತ್ತಿಗೆ ಅಲ್ಲಿ ಮಳೆ ಮುಗಿದಿರುತ್ತದೆ, ಹುಲ್ಲು ಒಣಗತೊಡಗುತ್ತದೆ, ನೀರಿರುವ ಕಡೆ ಪ್ರಾಣಿಗಳು ಸೇರತೊಡಗುತ್ತವೆ. ಬಾಡಿಗೆ ಕಾರು ನಾವೇ ಓಡಿಸಬಹುದು, ನಮ್ಮಂತೆಯೇ ರಸ್ತೆಯ ಎಡಬದಿ. ಡಾಮರು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್ ಮಿತಿ. ಗೊತ್ತುಮಾಡಿದ ಜಾಗ ಬಿಟ್ಟು ಬೇರೆಲ್ಲೂ ಕಾರಿನಿಂದ ಇಳಿಯುವಂತಿಲ್ಲ, ಸಂಜೆ ಕ್ಯಾಂಪಿನ ಗೇಟು ಮುಚ್ಚುವುದರೊಳಗೆ ಒಳಗಿರಬೇಕು. ಮೊಣಕಾಲಿಗೆ ಇದಕ್ಕಿಂತ ಒಳ್ಳೆಯ ಕಾಡು ಬೇರೆ ಯಾವುದು ಹೇಳಿ? ಒಂದು ಎಚ್ಚರ ಮಾತ್ರ: ಅದು ಮಲೇರಿಯಾ ಪ್ರದೇಶ. ಮಾತ್ರೆಯ ವಿಷಯ ಡಾಕ್ಟರರನ್ನು ಕೇಳಿಯೇ ಹೊರಡಬೇಕು.

ಅಂದ ಹಾಗೆ, ಆನೆ ನೋಡಲು ಅಷ್ಟು ದೂರ ಹೋಗುತ್ತೇನೆ ಎಂದದ್ದಕ್ಕೆ ಏಳನೇ ತರಗತಿಯವರು ಬಿದ್ದು ಬಿದ್ದು ನಕ್ಕರು. ಕಾರಡ್ಕ, ಮುಳಿಯಾರಿನ ಕಡೆ ಆನೆ ತೋಟಕ್ಕೇ ಬರುತ್ತದೆ. "ನಮ್ಮಲ್ಲಿಗೆ ಬನ್ನಿ ಮಾಷ್ಟ್ರೇ, ಟಿಕೆಟಿಲ್ಲ" ಎಂದ ಒಬ್ಬ. ಅವನ ಅಪ್ಪನ ಬಾಳೆ ಹೋದದ್ದು ಹೋದ ತಿಂಗಳಷ್ಟೆ. ನಗಬೇಕೋ ಬೇಡವೋ ತಿಳಿಯಲಿಲ್ಲ.

ಏಪ್ರಿಲ್ ಹೇಗೂ ಮೌಲ್ಯಮಾಪನ ಕ್ಯಾಂಪಿಗೆ ಹೋಗುತ್ತದೆ. ವಿದೇಶ ಪ್ರಯಾಣದ ಅನುಮತಿಗೆ ಅರ್ಜಿ ಕೊಟ್ಟಾಗಿದೆ. ಮೇ ಬೆಳಗ್ಗೆ ಕ್ರೂಗರಿನಲ್ಲಿ ಒಳ್ಳೆಯ ಚಳಿಯಂತೆ. ಕಾಸರಗೋಡಿನ ಸೆಕೆಯಲ್ಲಿ ನಿಂತು ಸ್ವೆಟರ್ ಕೇಳಿದರೆ ಅಂಗಡಿಯವರು ಮುಖ ಮುಖ ನೋಡುತ್ತಾರೆ.