ಅಂಬಾಜಿದುರ್ಗದ ಬುಡದಲ್ಲಿ ಮಳೆನೀರಿನ ಲೆಕ್ಕ

ಚಿಂತಾಮಣಿಗೂ ಕೈವಾರಕ್ಕೂ ನಡುವಿನ ಬಯಲಿನಲ್ಲಿ ಅಂಬಾಜಿದುರ್ಗ ಒಮ್ಮೆಲೇ ಎದ್ದು ನಿಲ್ಲುತ್ತದೆ. ಸಮುದ್ರಮಟ್ಟದಿಂದ ಸುಮಾರು 4,400 ಅಡಿ ಎತ್ತರದ ಬೆಟ್ಟ. ಮೇಲೆ ಟಿಪ್ಪು ಸುಲ್ತಾನನ ಕಾಲದ ಕೋಟೆಯ ಅವಶೇಷಗಳು. ಹತ್ತಿರದಲ್ಲೇ ಜೋಡಿಯಂತೆ ನಿಂತ ರೆಹಮಾನ್‌ಗಡ. ಕೈವಾರದಲ್ಲಿ ತಾತಯ್ಯನವರ ದರ್ಶನಕ್ಕೆ ಬಂದವರು ಕೈಲಾಸಗಿರಿಯ ಗುಹಾಲಯಗಳನ್ನೂ ನೋಡಿಕೊಂಡು ಹೋಗುವುದುಂಟು. ಇಡೀ ಬಂಡೆಯನ್ನು ಕೊರೆದು ಈಚಿನ ದಶಕಗಳಲ್ಲಿ ಮಾಡಿದ ಗುಹೆಗಳಿವು. ಒಳಗೆ ಕಾಲಿಟ್ಟೊಡನೆ ಮೈಗೆ ತಾಕುವ ತಂಪು, ನೆಲದ ಒಡಲಲ್ಲಿ ಏನನ್ನಾದರೂ ಜೋಪಾನ ಮಾಡಬೇಕೆಂಬ ಯೋಚನೆ ಮನುಷ್ಯನಿಗೆ ಏಕೆ ಬಂತೆಂದು ತಾನಾಗಿಯೇ ಹೇಳುತ್ತದೆ.

ಇಲ್ಲಿ ಜೋಪಾನ ಮಾಡಬೇಕಾದ ಸಂಪತ್ತು ನೀರು. ವರ್ಷವಿಡೀ ಹರಿಯುವ ನದಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಒಂದೂ ಇಲ್ಲ. ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ. ಅದರಲ್ಲೂ ಹೆಚ್ಚು ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಕೆಲವೇ ಜಡಿಮಳೆಗಳಲ್ಲಿ ಸುರಿದುಹೋಗುತ್ತದೆ. ಬೋಳು ಬಂಡೆಯ ಮೇಲೆ ಬಿದ್ದ ನೀರು ಇಂಗುವುದಿಲ್ಲ; ಗಳಿಗೆಯೊಳಗೆ ಬುಡ ಸೇರುತ್ತದೆ. ಹಿಂದಿನವರು ಇದನ್ನು ಬಲ್ಲವರಾಗಿದ್ದರು. ಬುಡದಲ್ಲಿ ಕೆರೆ ಕಟ್ಟಿದರು, ಬೆಟ್ಟದ ಮೇಲೆ ಕೊಳ ಮಾಡಿದರು. ನಂದಿಬೆಟ್ಟದ ಅಮೃತ ಸರೋವರಕ್ಕೆ ಇಳಿಯುವ ಮೆಟ್ಟಿಲುಗಳು ಆ ಜಾಣತನಕ್ಕೆ ಸಾಕ್ಷಿ.

ಇಂದು ಪ್ರಶ್ನೆ ಬೇರೆ ರೂಪ ತಾಳಿದೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಹಲವೆಡೆ ಆ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಒಂದು ಲೀಟರ್ ಕುಡಿಯುವ ನೀರಿನಲ್ಲಿ 1.5 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಮೀರಿದ ನೀರನ್ನು ಹಲವು ವರ್ಷ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ಮುಂದೆ ಮೂಳೆಗೂ ಕೇಡು. ಮಳೆನೀರಿನಲ್ಲಾದರೋ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿಯೇ 2006ರ ಸುಮಾರಿಗೆ ರಾಜ್ಯ ಸರ್ಕಾರ ‘ಸುವರ್ಣ ಜಲ’ ಯೋಜನೆಯಡಿ ಗ್ರಾಮೀಣ ಶಾಲೆಗಳ ಮಾಳಿಗೆಯ ಮಳೆನೀರು ಹಿಡಿಯಲು ಮುಂದಾಯಿತು. ಆರೈಕೆ ಇದ್ದ ಕಡೆ ಅದು ಉಪಯೋಗಕ್ಕೆ ಬಂತು, ಇಲ್ಲದ ಕಡೆ ಮೂಲೆ ಸೇರಿತು.

ಲೆಕ್ಕ ಸುಲಭ. 200 ಚದರ ಮೀಟರ್ ತಾರಸಿಯ ಮೇಲೆ 700 ಮಿಲಿಮೀಟರ್ ಮಳೆ ಬಿದ್ದರೆ 1,40,000 ಲೀಟರ್. ಐದರಲ್ಲೊಂದು ಪಾಲು ನಷ್ಟವೆಂದು ಕಳೆದರೂ 1,12,000 ಲೀಟರ್ ಉಳಿಯಿತು. ನೂರು ಮಕ್ಕಳು ದಿನಕ್ಕೆ ತಲಾ 2 ಲೀಟರ್ ಕುಡಿದರೆ 18,000 ಲೀಟರಿನ ಒಂದು ತೊಟ್ಟಿ 90 ದಿನಕ್ಕೆ ಸಾಕು. ದೀಪಾವಳಿಯ ಹೊತ್ತಿಗೆ ತುಂಬಿದ ತೊಟ್ಟಿ ಚಳಿಗಾಲ ದಾಟಿಸಿತು! ನೆಲದಡಿಯಲ್ಲಿದ್ದರೆ ಆಟದ ಬಯಲೂ ಉಳಿಯುತ್ತದೆ. ಬಿಸಿಲು ತಾಗದ್ದರಿಂದ ಪಾಚಿ ಕಟ್ಟುವುದಿಲ್ಲ, ನೀರು ಆವಿಯಾಗುವುದಿಲ್ಲ.

ಆದರೆ ನೆಲದಡಿಯ ತೊಟ್ಟಿ ಎಂದರೆ ಹಳ್ಳ ತೋಡಿ ನಾಲ್ಕು ಗೋಡೆ ಎಬ್ಬಿಸಿದಷ್ಟೇ ಅಲ್ಲ.

ಖಾಲಿ ತೊಟ್ಟಿಯ ಅಪಾಯ

ತುಂಬಿದ ತೊಟ್ಟಿ ಭಾರ, ಖಾಲಿ ತೊಟ್ಟಿ ಹಗುರ. ಆದ್ದರಿಂದ ತುಂಬಿದಾಗಲೇ ಅಪಾಯ ಎಂದು ಯಾರಿಗಾದರೂ ತೋರುವುದು ಸಹಜ. ನೆಲದಡಿಯಲ್ಲಿ ಇದು ತಲೆಕೆಳಗು. ಒಂಬತ್ತನೆಯ ತರಗತಿಯ ಮಕ್ಕಳು ಓದುವ ಆರ್ಕಿಮಿಡಿಸ್ ತತ್ತ್ವವನ್ನು ಇಲ್ಲಿಗೆ ತಂದು ನೋಡಬೇಕು.

ಮೇಲೆ ಹೇಳಿದ ತೊಟ್ಟಿಯ ಒಳ ಅಳತೆ ಉದ್ದ 3 ಮೀಟರ್, ಅಗಲ 3 ಮೀಟರ್, ಆಳ 2 ಮೀಟರ್ ಇರಲಿ. ಗೋಡೆ, ತಳ ಎರಡೂ 20 ಸೆಂಟಿಮೀಟರ್, ಮೇಲಿನ ಹಲಗೆ 15 ಸೆಂಟಿಮೀಟರ್ ದಪ್ಪ. ಆಗ ಕಾಂಕ್ರೀಟಿನ ಗಾತ್ರ ಸುಮಾರು 9.2 ಘನ ಮೀಟರ್. ಒಂದು ಘನ ಮೀಟರಿಗೆ 2.5 ಟನ್ನಿನಂತೆ ತೂಕ ಸುಮಾರು 23 ಟನ್. ಹೊರ ಅಳತೆಯಿಂದ ಇಡೀ ತೊಟ್ಟಿಯ ಗಾತ್ರ 27 ಘನ ಮೀಟರಿಗೆ ಮೇಲೆ. ಅಂದರೆ, ಸುತ್ತಲಿನ ಮಣ್ಣಿನಲ್ಲಿ ನೀರು ನೆಲಮಟ್ಟಕ್ಕೆ ನಿಂತರೆ ಅದು 27 ಟನ್ ಬಲದಿಂದ ತೊಟ್ಟಿಯನ್ನು ಮೇಲಕ್ಕೆ ನೂಕುತ್ತದೆ. 23 ಟನ್ನಿನ ಖಾಲಿ ತೊಟ್ಟಿ ದೋಣಿಯಂತೆ ಏಳತೊಡಗುತ್ತದೆ. ಪೈಪು ಮುರಿಯುತ್ತದೆ, ಗೋಡೆ ಬಿರಿಯುತ್ತದೆ.

‘ನೀರು ಸಾವಿರ ಅಡಿ ಕೆಳಗಿರುವ ಸೀಮೆಯಲ್ಲಿ ಈ ಭಯವೇಕೆ?’ ಎಂದು ಕೇಳಬಹುದು. ಗಟ್ಟಿ ನೆಲದಲ್ಲಿ ತೋಡಿದ ಗುಂಡಿಯೇ ಒಂದು ಬಟ್ಟಲು. ತೊಟ್ಟಿಯ ಸುತ್ತ ತುಂಬಿದ ಸಡಿಲ ಮಣ್ಣಿಗೆ ಇಳಿದ ಮಳೆನೀರು ಹೊರಹೋಗಲು ದಾರಿಯಿಲ್ಲದೆ ಅಲ್ಲೇ ನಿಲ್ಲುತ್ತದೆ. 2021ರ ನವೆಂಬರಿನಲ್ಲಿ ಈ ಜಿಲ್ಲೆಯಲ್ಲಿ ಎಂಥ ಮಳೆ ಸುರಿಯಿತು, ಎಷ್ಟೋ ವರ್ಷ ಒಣಗಿದ್ದ ಕೆರೆಗಳು ಹೇಗೆ ಕೋಡಿ ಹರಿದವು ಎಂಬುದನ್ನು ಜನ ಮರೆತಿಲ್ಲ. ಬರದ ನಾಡಿನ ತೊಟ್ಟಿಯೂ ಅಂಥ ವರ್ಷಕ್ಕೆ ಸಿದ್ಧವಿರಬೇಕು.

ಪರಿಹಾರ ದುಬಾರಿಯಲ್ಲ. ತಳದ ಹಲಗೆಯನ್ನು ನಾಲ್ಕೂ ಕಡೆ ಗೋಡೆಯಿಂದ 30 ಸೆಂಟಿಮೀಟರ್ ಆಚೆಗೆ ಚಾಚಿದರೆ ಸಾಕು. ಆ ಚಾಚಿನ ಮೇಲೆ ಕೂತ ಮಣ್ಣು ತೊಟ್ಟಿಯನ್ನು ಅದುಮಿ ಹಿಡಿಯುತ್ತದೆ. ನೀರಿನಲ್ಲಿ ಮುಳುಗಿ ತೂಕ ಕಳೆದುಕೊಂಡ ಲೆಕ್ಕದಲ್ಲೂ ಈ ಮಣ್ಣು ಮತ್ತು ಹೆಚ್ಚುವರಿ ಕಾಂಕ್ರೀಟು ಸೇರಿ ಹತ್ತು ಟನ್ನಿನಷ್ಟು ಬಲ ಕೊಡುತ್ತವೆ. 27 ಟನ್ನಿನ ನೂಕಿಗೆ ಎದುರಾಗಿ ಸುಮಾರು 33 ಟನ್ ನಿಂತಂತಾಯಿತು.

ಜಪಾನಿನ ಕಸುಕಾಬೆ ಪಟ್ಟಣದ ನೆಲದಡಿಯಲ್ಲಿ ಟೋಕಿಯೋ ಸೀಮೆಯ ನೆರೆನೀರಿಗಾಗಿ 2006ರಲ್ಲಿ ಮುಗಿದ ರಚನೆಯೊಂದಿದೆ. 6.3 ಕಿಲೋಮೀಟರ್ ಸುರಂಗ. ಅದರ ಕೊನೆಯಲ್ಲಿ 177 ಮೀಟರ್ ಉದ್ದ, 78 ಮೀಟರ್ ಅಗಲದ ಮಹಾತೊಟ್ಟಿ. ಅದರಲ್ಲಿ ತಲಾ ಸುಮಾರು 500 ಟನ್ ತೂಗುವ 59 ಕಂಬಗಳು. ದೇಗುಲದಂತೆ ಕಾಣುವ ಆ ಕಂಬಗಳು ಸೂರನ್ನು ಹೊರುವುದಷ್ಟೇ ಅಲ್ಲ, ಅಂತರ್ಜಲದ ನೂಕಿಗೆ ತೊಟ್ಟಿ ಮೇಲೇಳದಂತೆ ತಮ್ಮ ಭಾರದಿಂದ ಒತ್ತಿಯೂ ಹಿಡಿದಿವೆ. ಶಾಲೆಯ ತೊಟ್ಟಿಗೂ ಟೋಕಿಯೋ ತೊಟ್ಟಿಗೂ ನಿಯಮ ಒಂದೇ.

ಗೋಡೆಯ ಎರಡು ಮುಖ

ಗೋಡೆಯದೂ ಇದೇ ಕಥೆ. ತೊಟ್ಟಿ ತುಂಬಿದ್ದು ಹೊರಗಿನ ಮಣ್ಣು ಒಣಗಿದ್ದಾಗ ನೀರು ಒಳಗಿನಿಂದ ತಳ್ಳುತ್ತದೆ. 2 ಮೀಟರ್ ಆಳದಲ್ಲಿ ಚದರ ಮೀಟರಿಗೆ 2 ಟನ್ ಒತ್ತಡ. ತೊಟ್ಟಿ ಖಾಲಿಯಿದ್ದು ಹೊರಗಿನ ಮಣ್ಣು ತೊಯ್ದಿದ್ದಾಗ ಅದೇ ಗೋಡೆಗೆ ಹೊರಗಿನಿಂದ ನೂಕು. ಕಾಂಕ್ರೀಟು ಅದುಮಿದರೆ ತಾಳುತ್ತದೆ, ಎಳೆದರೆ ಬಿರಿಯುತ್ತದೆ. ಎಳೆತ ತಾಳುವುದು ಉಕ್ಕಿನ ಕಂಬಿ. ಆದ್ದರಿಂದ ಗೋಡೆಯ ಎರಡೂ ಮುಖಕ್ಕೆ ಕಂಬಿ ಬೇಕು. ಬಿರುಕು ಕೂದಲೆಳೆಯಷ್ಟಿದ್ದರೂ ನೀರು ಒಳಹೊಕ್ಕು ಕಂಬಿಗೆ ತುಕ್ಕು ಹಿಡಿಸುತ್ತದೆ. ನೀರು ಹಿಡಿದಿಡುವ ಕಾಂಕ್ರೀಟಿಗೆಂದೇ ಐ.ಎಸ್. 3370 ಎಂಬ ಪ್ರತ್ಯೇಕ ಸಂಹಿತೆ ಇರುವುದು ಇದರಿಂದಲೇ. ಕಲಸುವಾಗ ಹೆಚ್ಚು ನೀರು ಸುರಿಯುವುದು, ಕ್ಯೂರಿಂಗ್‌ಗೆ ಬೇಸರಪಡುವುದು, ಎರಡೂ ತೊಟ್ಟಿಯ ಶತ್ರುಗಳು.

ಪಂಪು, ಸ್ವಿಚ್ ಬೋರ್ಡು, ಹಾರೆ ಗುದ್ದಲಿಗಳನ್ನೂ ನೆಲದಡಿಯಲ್ಲೇ ಇಡಬಹುದೆಂಬ ಆಸೆ ಕೆಲವರಿಗೆ. ಇಡಬಹುದು, ಆದರೆ ನೀರಿನ ತೊಟ್ಟಿಯೊಳಗಲ್ಲ, ಬೇರೆಯದೇ ಕೋಣೆಯಲ್ಲಿ. ನೀರಿನ ಕೋಣೆಯಲ್ಲಿ ನೀರು ಹೊರಗೆ ಸೋರಬಾರದು, ಸಲಕರಣೆಯ ಕೋಣೆಗೆ ನೀರು ಒಳಗೆ ಬರಬಾರದು. ಈ ಕೋಣೆ ಎಂದೂ ಖಾಲಿಯೇ ಆದ್ದರಿಂದ ತೇಲುವ ಅಪಾಯವೂ ಎಂದೂ ಇದ್ದದ್ದೇ. ಗಾಳಿಯಾಡುವ ಕಿಂಡಿ, ಬಾಗಿಲಿಗೆ ಎತ್ತರದ ಹೊಸ್ತಿಲು, ತಳದಲ್ಲಿ ಜಿನುಗು ನೀರು ಸೇರುವ ಸಣ್ಣ ಗುಂಡಿ ಇರಬೇಕು. ವಿದ್ಯುತ್ ಫಲಕ ಮಾತ್ರ ನೆಲದ ಮೇಲೆಯೇ ಇರುವುದು ಕ್ಷೇಮ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮದ್ದಿನ ಮನೆಗಳು ಇಟ್ಟಿಗೆ ಗಾರೆಯಲ್ಲಿ ಅರ್ಧ ನೆಲದೊಳಗೆ ಕೂತಿವೆ. ಒಳಗಿದ್ದ ಮದ್ದು ತೇವವಾಗದಂತೆ ಕಾಯುವುದೇ ಅಂದಿನ ಮೇಸ್ತ್ರಿಗಳ ಮುಂದಿದ್ದ ಸವಾಲು. ಅವುಗಳಲ್ಲೊಂದನ್ನು ರೈಲು ಜೋಡಿಮಾರ್ಗಕ್ಕೆ ಎಡೆ ಮಾಡಲು 2017ರಲ್ಲಿ ಒಡೆಯದೆ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಲಾಯಿತು.

ತಂದೆತಾಯಂದಿರು ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಮುಚ್ಚಳ. ತೆರೆದ ಸಂಪಿಗೆ ಬಿದ್ದು ಮಗು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಬೀಗವಿರುವ ಗಟ್ಟಿ ಮುಚ್ಚಳ, ಕಿಂಡಿಗಳಿಗೆ ಸೊಳ್ಳೆ ಬಲೆ ಇರಲೇಬೇಕು. ಬಹುಕಾಲ ಮುಚ್ಚಿದ್ದ ತೊಟ್ಟಿಯಲ್ಲಿ ಆಮ್ಲಜನಕ ಕಡಿಮೆಯಾಗಿರಬಹುದು. ತೊಳೆಯಲೆಂದು ಒಬ್ಬಂಟಿಯಾಗಿ ಇಳಿದವರು, ಅವರನ್ನೆತ್ತಲು ಇಳಿದವರು, ಇಬ್ಬರೂ ಪ್ರಾಣ ಕಳೆದುಕೊಂಡದ್ದುಂಟು. ಮಕ್ಕಳನ್ನಂತೂ ಇಳಿಸಲೇಕೂಡದು.

ಮನೆಗೋ ಶಾಲೆಗೋ ತೊಟ್ಟಿ ಕಟ್ಟಿಸುವವರು ಇಂಜಿನಿಯರನ್ನು ಮೂರು ಪ್ರಶ್ನೆ ಕೇಳಲಿ. ತೊಟ್ಟಿ ಖಾಲಿಯಿದ್ದು ಸುತ್ತ ನೀರು ನಿಂತರೆ ಏನಾಗುತ್ತದೆ? ಗೋಡೆಯ ಎರಡೂ ಮುಖಕ್ಕೆ ಕಂಬಿ ಇದೆಯೇ? ಮಣ್ಣು ಮುಚ್ಚುವ ಮೊದಲು ನೀರು ತುಂಬಿಸಿ ಸೋರಿಕೆ ನೋಡುವಿರಾ? ಮೊದಲ ಪ್ರಶ್ನೆಯ ಉತ್ತರವನ್ನು ಮಕ್ಕಳೇ ನೋಟ್ ಪುಸ್ತಕದಲ್ಲಿ ಲೆಕ್ಕ ಹಾಕಿ ಸರಿನೋಡಬಹುದು. ಅದಕ್ಕೆ ಗುಣಾಕಾರ, ಆರ್ಕಿಮಿಡಿಸ್ ತತ್ತ್ವ ಮತ್ತು ಒಂದು ಅಳತೆಪಟ್ಟಿ ಸಾಕು.